ತಿಪ್ಪವ್ವನ ಮಗ ತೆಂಗು ಸಾಕಿದ್ದು

ನಮ್ಮ ಬಿಸಿಲ ಸೀಮೆಯಲ್ಲಿ ಕಾಗೆ ಕೂಡ ನೆರಳು ನೋಡಿ ಕೂರುತ್ತದೆ. ಅಲ್ಲೊಬ್ಬಳು ತಿಪ್ಪವ್ವ, ಅವಳಿಗೊಬ್ಬ ಮಗ ಯಮನೂರ. ಆಳು ನೋಡಿದರೆ ಕಂಬ, ಬುದ್ಧಿಯದೊಂದು ಕೇಳಬೇಡಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಇಂಥವನಿಗೆ ಹೆಣ್ಣು ಯಾರು ಕೊಟ್ಟಾರು? ತಿಪ್ಪವ್ವನಿಗೆ ಹಗಲೂ ರಾತ್ರಿ ಅದೇ ಕೊರಗು.

ಕಡೆಗೆ ಹೊಳೆದಂಡೆಯ ದ್ಯಾವಪ್ಪ ನಾಲ್ಕು ತೆಂಗಿನ ಸಸಿ ತಂದು ಇಳಿಸಿದ. "ಎರಡು ತಿಂಗಳು ಬಿಟ್ಟು ಬರ್ತೀನಿ ತಂಗೀ. ಈ ಬಿಸಿಲಾಗ ಒಂದ ಸಸಿ ಹಿಡಿಸಿದ್ರೂ ಸಾಕು, ನಿನ್ನ ಮಗಗ ನನ್ನ ಮಗಳ್ನ ಕೊಡ್ತೀನಿ."

ತಾಯಿ ಮಗ ಗುಂಡಿ ತೋಡಿ ನೆಟ್ಟರು. "ಸಸಿಗೆ ದಿನಾ ಎರಡೊತ್ತು ನೀರು ಹಾಕಪಾ" ಅಂದು ತಿಪ್ಪವ್ವ ಕೂಲಿಗೆ ಹೋದಳು.

ಹಾಕಿದ. ಒಂದೊಂದೇ ಎಲೆಗೆ ನೀರು ಸವರಿ ಒರೆಸಿದ. ಬುಡಕ್ಕೆ ಹನಿ ಬೀಳಲಿಲ್ಲ. ಎಂಟು ದಿನಕ್ಕೆ ಒಂದು ಸಸಿ ಒಣಗಿ ಕಡ್ಡಿಯಾಯಿತು.

"ಬುಡಕ್ಕ ಯಾಕ ಹಾಕಲಿಲ್ಲೋ?"

"ಸಸಿಗೆ ಅಂದಿ. ಮಣ್ಣಿಗೆ ಅಂದ್ಯೇನು?"

"ಅಯ್ಯ ನನ್ನ ಹಣೇಬರಹವೇ! ಎಲಿ ಹ್ಯಾಂಗರ ಇರಲಿ, ಬುಡಾ ಕಾಯಿ!"

"ಹೂಂ ಯವ್ವಾ."

ಮರುದಿನ ಆಡು ಬಂತು. ಯಮನೂರ ಎರಡನೆಯ ಸಸಿಯ ಬುಡ ತಬ್ಬಿಕೊಂಡು ಕೂತ. ಆಡು ಮೇಲಿನ ಎಲೆ, ಸುಳಿ ಎಲ್ಲಾ ಮೇಯ್ದು ಹೋಯಿತು.

"ಬುಡಕ್ಕ ಬಾಯಿ ಹಾಕಾಕ ಬಿಡಲಿಲ್ಲ ಯವ್ವಾ!"

"ಹುಚ್ಚ ಮುಂಡೇದೇ! ಸಸಿ ಹತ್ರ ಯಾರ ಬಂದ್ರೂ ಬಡಿಗಿ ತಗೊಂಡು ಓಡಿಸು!"

"ಹೂಂ ಯವ್ವಾ."

ಸಂಜೆ ತಿಪ್ಪವ್ವನೇ ಕೊಡ ಹೊತ್ತು ಸಸಿಗೆ ನೀರು ತಂದಳು. ಮಗ ಬಡಿಗೆ ಎತ್ತಿಕೊಂಡು ಬಂದ! ಅವಳು ಮುಂದೆ, ಅವನು ಹಿಂದೆ. ಕೊಡ ಒಡೆದು ನೀರೆಲ್ಲ ದಾರಿಪಾಲು.

"ಹಡೆದವ್ವನ್ನ ಹೊಡೀತೀಯೇನೋ!" ಅವಳಿಗೆ ಅಳುವೇ ಬಂತು. "ಎಳೀ ಸಸಿ ಅಂದ್ರ ಬಾಣಂತಿ ಇದ್ದಂಗ. ಬಾಣಂತಿ ಹಂಗ ಜ್ವಾಕಿ ಮಾಡು."

"ಹೂಂ ಯವ್ವಾ."

ಮರುದಿನ ಹಂಡೆ ತುಂಬ ನೀರು ಕುದಿಸಿದ. ಮೂರನೆಯ ಸಸಿಗೆ ಎಣ್ಣೆ ತಿಕ್ಕಿ, ಹೊಗೆಯಾಡುವ ನೀರು ಎರೆದು, ಲೋಬಾನದ ಹೊಗೆ ಹಾಕಿ, ಕಿವಿ ಸಿಗದೆ ತುದಿಗೇ ಅರಿವೆ ಕಟ್ಟಿದ. ನಾಲ್ಕನೆಯದಕ್ಕೆ ತಂಬಿಗೆ ಎತ್ತುವಾಗ ತಿಪ್ಪವ್ವ ಓಡಿ ಬಂದು ಕೈ ಹಿಡಿದಳು.

ಅವತ್ತಿನಿಂದ ಅವಳು ಕೂಲಿ ಬಿಟ್ಟಳು. ನಾಲ್ಕು ಗೂಟಕ್ಕೆ ಹಳೆ ಸೀರೆ ಕಟ್ಟಿ ನೆರಳು ಮಾಡಿದಳು. ಬುಡಕ್ಕೆ ಹುಲ್ಲು ಹೊದಿಸಿ ತಾನೇ ನೀರೆರೆದಳು. ಉಳಿದ ಒಂದೇ ಸಸಿ ಹಸಿರಾಗಿ ಹೊಸ ಸುಳಿ ಬಿಟ್ಟಿತು.

ದ್ಯಾವಪ್ಪ ಬರುವ ದಿನ ಮಗನನ್ನು ಕೂರಿಸಿಕೊಂಡು ಹೇಳಿದಳು: "ನಿನ್ನ ಬಾಯಿ ನನಗ ಗೊತ್ತೈತಿ. ಅವರು ಏನ ಕೇಳಿದ್ರೂ ಮಾತಾಡಬ್ಯಾಡ. ಕೈಲೆ ತೋರಿಸು, ಅಷ್ಟ."

"ಹೂಂ ಯವ್ವಾ."

ದ್ಯಾವಪ್ಪ ಬಂದ. ಸುಳಿ ನೋಡಿದ, ಮುಖ ಅರಳಿತು. "ಭಲೇ ಹುಡುಗಾ! ಇಂಥಾ ಬಿಸಿಲಾಗ ಹಿಡಿಸಿದೆಲ್ಲಪಾ! ಬೇರು ಬಿಟ್ಟಾವೇನು?"

ತಿಪ್ಪವ್ವ ಬಾಯಿ ತೆರೆಯುವುದರೊಳಗೆ ಯಮನೂರ ಎರಡೂ ಕೈ ಹಾಕಿ ಸಸಿ ಕಿತ್ತು ಎತ್ತಿ ಹಿಡಿದ. ಗೇಣುದ್ದದ ಬಿಳಿ ಬೇರು, ಮಣ್ಣು ಉದುರಿಸುತ್ತಾ ಜೋತಾಡಿದವು.

ದ್ಯಾವಪ್ಪ ಬೇರು ನೋಡಿದ, ಹುಡುಗನನ್ನು ನೋಡಿದ, ಮೆಲ್ಲಗೆ ಚಪ್ಪಲಿ ಮೆಟ್ಟಿದ.

"ಬೇರೇನೋ ಬಿಟ್ಟಾವ ತಂಗೀ. ಆದ್ರ ನಾಳೆ ಮಗಳ್ನ ಕೊಟ್ಟ ಮ್ಯಾಲ, ಆಕಿ ಹ್ಯಾಂಗದಾಳಪಾ ಅಂತ ನಾ ಇವನ್ನ ಯಾವ ಧೈರ್ಯದ ಮ್ಯಾಲ ಕೇಳಲಿ?"