ಗುಡ್ಡದೊಳಗಿನ ಪಿಸುಮಾತು

ಹೊಳೆದಂಡೆಯ ಆಶ್ರಮದಲ್ಲಿ ಹಾಲವ್ವ ತಂತಿಯಿಲ್ಲದೆ ಮಾತು ಕಳಿಸುವ ವಿದ್ಯೆ ಕಲಿಸುತ್ತಿದ್ದಳು. ಬಂದವರ ಜಾತಿ ಕೇಳುತ್ತಿರಲಿಲ್ಲ, ಹೋಗುವವರಿಗೆ ಪದವಿಪತ್ರ ಕೊಡುತ್ತಿರಲಿಲ್ಲ.

ಎದುರಿನ ಗುಡ್ಡದಲ್ಲಿ ಸುರಂಗ ಕೊರೆಯುತ್ತಿದ್ದರು. ಪಟ್ಟಣಕ್ಕೆ ನೀರು ಬೇಕಿತ್ತು. ಸಡಿಲ ಮಣ್ಣಿನಡಿ ನುಗ್ಗಲು ಬಡವರು ಸಿಕ್ಕಿದ್ದರು. ಶಿಷ್ಯ ಪರಸಪ್ಪನ ಅಣ್ಣ ಹುಲುಗಪ್ಪನೂ ಅವರಲ್ಲೊಬ್ಬ.

ಮಣ್ಣು ಕುಸಿದರೆ ಯಾರು ಎಲ್ಲಿದ್ದಾರೆಂದು ತಿಳಿಯಬೇಕಲ್ಲ. ಅದಕ್ಕೇ ಪರಸಪ್ಪ ಒಬ್ಬೊಬ್ಬರ ಹೆಲ್ಮೆಟ್ಟಿಗೂ ಒಂದು ಅಲ್ಟ್ರಾ ವೈಡ್ ಬ್ಯಾಂಡ್ ಪೆಟ್ಟಿಗೆ ಕಟ್ಟಿದ್ದ. ಅದು ರೇಡಿಯೋದಂತೆ ಒಂದೇ ಸ್ವರ ಹಿಡಿದು ಕೂಗುವುದಿಲ್ಲ. ಕ್ಷಣಕ್ಕಿಂತ ಎಷ್ಟೋ ಚಿಕ್ಕದಾದ ಮಿಡಿತಗಳನ್ನು ಎಲ್ಲ ಸ್ವರಗಳಲ್ಲೂ ಹರಡಿ ಪಿಸುಗುಟ್ಟುತ್ತದೆ. ಮಿಡಿತ ಬಂದು ಮುಟ್ಟಲು ಹಿಡಿದ ಕಾಲದಿಂದ ಆಳು ಎಷ್ಟು ದೂರವಿದ್ದಾನೆಂದು ಲೆಕ್ಕ ಹಾಕಿ, ಸುರಂಗದ ಬಾಯಲ್ಲಿಟ್ಟ ಪರದೆ ಒಂದು ಚುಕ್ಕಿ ತೋರಿಸುತ್ತದೆ.

ಪರೀಕ್ಷೆಯ ದಿನ ಚುಕ್ಕಿಗಳು ಒಂದೊಂದಾಗಿ ಆರಿಹೋದವು. ಅಣ್ಣನದೂ ಆರಿತು. ಒಳಗೆ ಎಲ್ಲರೂ ಕೆಲಸ ಮಾಡುತ್ತಲೇ ಇದ್ದರು. ಪರದೆಯ ಮೇಲೆ ಮಾತ್ರ ಒಬ್ಬರೂ ಇರಲಿಲ್ಲ.

ಪರಸಪ್ಪ ಗುರುವಿನ ಬಳಿ ಓಡಿಬಂದ. ಬೆಳಗಾದರೆ ಅವರನ್ನೆಲ್ಲ ಇನ್ನೂ ಒಳಕ್ಕೆ, ನೀರು ಒಸರುವ ಕಡೆಗೆ ಕಳಿಸುತ್ತಾರೆ ಎಂದ.

"ಇರೋ ಗಾಳಿ ಒಂದ. ಯಾರು ಯಾವಾಗ ಮಾತಾಡಬೇಕು ಅಂತ ಏನು ಕಟ್ಟಳೆ ಹಾಕಿದಿ?" ಎಂದು ಹಾಲವ್ವ ಕೇಳಿದಳು.

"ಮೊದಲು ಕಿವಿಗೊಡು. ಗಾಳಿ ಖಾಲಿ ಇದ್ದರ ಮಾತಾಡು. ಇಲ್ಲಂದ್ರ ಕಾಯಿ ಅಂತ."

"ಪೆಟ್ಟಿಗಿಗಳಿಗೆ ಏನು ಕೇಳಿಸ್ತು?"

"ಏನೂ ಇಲ್ಲವ್ವ. ಒಂದರ ಪಿಸುಮಾತು ಇನ್ನೊಂದಕ್ಕ ಕೇಳೂದ ಇಲ್ಲ. ಗದ್ದಲದ ತಳದಾಗ ಮುಳುಗಿರ್ತೈತಿ. ಖಾಲಿ ಐತಿ ಅಂದ್ಕೊಂಡು ಎಲ್ಲಾನೂ ಒಮ್ಮೆಗೇ ಮಾತಾಡಿದವು."

ಪೆಟ್ಟಿಗೆಯ ದನಿ ಜೋರು ಮಾಡಿದರೆ ಸರಿಹೋಗುತ್ತದೆ ಎಂದೂ ಹೇಳಿದ. ಯಾರ ದನಿ ಎಂದು ಅವಳು ಕೇಳಿದಳು. ಸುರಂಗದ ಗುತ್ತಿಗೆದಾರ ದೊಡ್ಡ ಬ್ಯಾಟರಿ ಕೊಡಲು ಒಪ್ಪಿದ್ದು ಆಳುಗಳ ಜೊತೆ ಒಳಗಿಳಿಯುವ ಇಂಜಿನಿಯರನ ಪೆಟ್ಟಿಗೆಗೆ ಮಾತ್ರ.

"ಅವನೊಬ್ಬ ಒದರಿದರ ಉಳಿದವರ ಪಿಸುಮಾತು ಉಳಿತೈತೇನು?"

ಎದ್ದು ಅವನನ್ನೂ ಕರೆದುಕೊಂಡು ಹೊಳೆಯ ಕಡೆಗೆ ನಡೆದಳು.

ಅಲ್ಲಿ ಹೆಂಗಸರು ಸಾಲಾಗಿ ನಿಂತು ಬಟ್ಟೆ ಒಗೆಯುತ್ತಿದ್ದರು. ಹಾಲವ್ವನನ್ನು ಕಂಡು ಒಬ್ಬಳು ನಕ್ಕಳು. "ಏನವ್ವ, ಶಿಷ್ಯನ್ನೂ ಒಗೆಯಾಕ ತಂದಿಯೇನು?"

"ಕೊಳಿ ಕಿವ್ಯಾಗ ಐತಿ," ಎಂದಳು ಹಾಲವ್ವ. ಪರಸಪ್ಪನಿಗೆ ಕಣ್ಣು ಮುಚ್ಚಲು ಹೇಳಿ, ಆ ಸಾಲಿನಲ್ಲಿ ತಿಪ್ಪವ್ವ ಎಲ್ಲಿದ್ದಾಳೆ ಹುಡುಕು ಎಂದಳು.

ಅವನಿಗೆ ಕೇಳಿಸಿದ್ದು ಬರೀ ಸದ್ದು. ಕಲ್ಲಿಗೆ ಬಟ್ಟೆ, ಬಂಡೆಗೆ ನೀರು, ಎಲ್ಲ ಕಲಸಿಹೋಗಿತ್ತು. ಉಳಿದವರನ್ನು ಒಂದು ಗಳಿಗೆ ನಿಲ್ಲಿಸಿದರೆ ಹುಡುಕುತ್ತೇನೆ ಎಂದ.

"ನಿನ್ನ ಸಲುವಾಗಿ ಅವರ ದುಡಿಮಿ ಯಾಕ ನಿಲ್ಲಬೇಕು?"

ಅವಳು ಅವನ ಮಣಿಕಟ್ಟು ಹಿಡಿದು ಬೆರಳಿಂದ ತಟ್ಟಿದಳು. ಬೇಗಬೇಗ ಎರಡು, ಒಂದು ತಡೆ, ಮತ್ತೆ ಒಂದು, ಆಮೇಲೆ ಉದ್ದನೆಯ ಬಿಡುವು. ಇದು ತಿಪ್ಪವ್ವನ ಕೈ, ಅಂದಳು.

ಪರಸಪ್ಪ ಉಳಿದ ಸದ್ದನ್ನೆಲ್ಲ ಹೋಗಲು ಬಿಟ್ಟ. ಆ ತಾಳವೊಂದನ್ನೇ ಒಳಗೆ ಹಿಡಿದು ನಿಂತ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಗದ್ದಲದ ತಳದಿಂದ ತಿಪ್ಪವ್ವನ ತೋಳು ಮೆಲ್ಲಗೆ ಮೇಲೆದ್ದು ಬಂತು. ಎಡಗಡೆ, ಕೊನೆಯ ಬಂಡೆ.

ಹಾಲವ್ವ ಬೇರೊಂದು ತಾಳ ತಟ್ಟಿದಳು. ಗದ್ದಲದೊಳಗಿಂದ ಬೇರೊಬ್ಬಳು ಎದ್ದು ಬಂದಳು. ಮತ್ತೊಂದು, ಮತ್ತೊಬ್ಬಳು.

ಯಾರೂ ಸರದಿ ಕಾದಿರಲಿಲ್ಲ. ಯಾರೂ ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ. ಗದ್ದಲವೆಂದು ಅವನು ತಳ್ಳಿಹಾಕಿದ್ದರಲ್ಲಿ ಇದ್ದದ್ದೆಲ್ಲ ಜನವೇ. ಕಣ್ಣು ತೆರೆಯಲು ಅವನಿಗೆ ಮನಸ್ಸಾಗಲಿಲ್ಲ.

ಅಂದೇ ಹಳೆಯ ಕಟ್ಟಳೆ ಕಿತ್ತುಹಾಕಿದ. ಪೆಟ್ಟಿಗೆಗೊಂದು ತಾಳ ಕೊಟ್ಟ. ಕೇಳುವ ಯಂತ್ರಕ್ಕೆ ಅಷ್ಟೂ ತಾಳ ಕಲಿಸಿದ. ದನಿಯ ಬಲ ಎಲ್ಲಕ್ಕೂ ಒಂದೇ.

ಮರುದಿನ ಹಾಲವ್ವ ಸುರಂಗದ ಬಾಯಲ್ಲಿ ಅವನ ಪಕ್ಕ ಕೂತಿದ್ದಾಗಲೇ ಗುಡ್ಡ ಒಳಗೊಳಗೆ ಕುಸಿಯಿತು. ಧೂಳು ಹೊರಕ್ಕೆ ನುಗ್ಗಿತು. ಪರದೆ ಕಪ್ಪಾಯಿತು.

ಪರಸಪ್ಪ ಪರದೆಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ.

ಒಂದು ಚುಕ್ಕಿ ಮೂಡಿತು. ಇನ್ನೊಂದು. ಮತ್ತೆ ಹಿಂಡಾಗಿ ಎಲ್ಲವೂ. ಅಷ್ಟು ಮಣ್ಣು ಹೊತ್ತುಕೊಂಡು, ಉಸಿರಿಗಿಂತ ಮೆಲ್ಲಗೆ, ಗುಡ್ಡದ ಹೊಟ್ಟೆಯಿಂದ ಒಬ್ಬೊಬ್ಬನೂ ಇದ್ದೇನೆ ಇದ್ದೇನೆ ಎನ್ನುತ್ತಿದ್ದ. ಕೆಲವು ಚುಕ್ಕಿ ಅಲುಗುತ್ತಿದ್ದವು. ಒಂದೂ ದೊಡ್ಡದಿರಲಿಲ್ಲ, ಒಂದೂ ಸಣ್ಣದಿರಲಿಲ್ಲ. ಪರಸಪ್ಪ ತನಗರಿವಿಲ್ಲದೆ ಪರದೆಗೆ ಕೈ ಮುಗಿದ.

ಗುತ್ತಿಗೆದಾರ ಏದುಸಿರು ಬಿಡುತ್ತ ಬಂದ. ಇದರಲ್ಲಿ ಇಂಜಿನಿಯರ್ ಸಾಹೇಬರು ಯಾರು, ಮೊದಲು ಅಲ್ಲಿಗೇ ಅಗೆಸುತ್ತೇನೆ ಎಂದ.

ಯಾವ ಚುಕ್ಕಿ ಅಣ್ಣನ ತಾಳದ್ದೆಂದು ಪರಸಪ್ಪನಿಗೆ ಗೊತ್ತಿತ್ತು. ಅವನ ಚುಕ್ಕಿ ಎಲ್ಲರಿಗಿಂತ ಒಳಗೆ, ಒಂಟಿಯಾಗಿತ್ತು. ಅದನ್ನೇ ತೋರಿಸಿ ಇವರೇ ಸಾಹೇಬರು ಎನ್ನಲು ನಾಲಿಗೆ ತುದಿಗೆ ಬಂದಿತ್ತು. ಬೆರಳೂ ಎದ್ದಿತ್ತು.

ಅವನು ಗುರುವಿನ ಕಡೆ ತಿರುಗಿದ. "ಅವ್ವ, ಯಾರ ಹೆಸರು ಹೇಳಲಿ?"

"ಹೆಸರು ಬ್ಯಾಡ. ಎಷ್ಟು ದೂರದಾಗ ಮನುಷ್ಯಾರು ಅದಾರ, ಅಷ್ಟು ಹೇಳು."