ವಟರಕ್ಕನ ಮೂರು ಬಾಯಿ ನೀರು

ಕೂತ್ಕೊಂಡ್ರಾ? ಇನ್ನೂ ಹತ್ತಿರ ಬನ್ನಿ. ನಾನು ಹೇಳ್ತೀನಿ, ನೀವು ಹೂಂ ಅನ್ನಬೇಕು. ಹೂಂ ಅನ್ನದಿದ್ರೆ ಕಪ್ಪೆ ಮುಂದಕ್ಕೆ ಕುಪ್ಪಳಿಸೋದಿಲ್ಲ, ನೋಡಿ ಮತ್ತೆ!

ಒಂದು ರಾಗಿ ಹೊಲ. ಹೊಲದ ಅಂಚಿಗೆ ಬದು. ಬದು ಅಂದ್ರೆ ಮಣ್ಣಿನ ಗಿಡ್ಡ ಗೋಡೆ. ಬದುವಿನ ಮಗ್ಗುಲಲ್ಲಿ ನೀರು. ನೀರಲ್ಲಿ ಒಂದು ಕಪ್ಪೆ. ಹೆಸರು ವಟರಕ್ಕ. ವಟರಕ್ಕನಿಗೆ ಒಂಬತ್ತು ಮರಿ. ಕಾಲಿಲ್ಲ, ಕೈಯಿಲ್ಲ. ಬರೀ ತಲೆ, ಬರೀ ಬಾಲ. ಗೊದಮೊಟ್ಟೆಗಳು!

ಒಂದು ಬೆಳಿಗ್ಗೆ ವಟರಕ್ಕ ಕಣ್ಣು ಬಿಟ್ಟಳು. ನೀರೆಲ್ಲಿ? ನೀರೇ ಇಲ್ಲ! ಹಿಂದಿನ ದಿನದ ಜೋರು ಮಳೆಗೆ ಬದು ಒಡೆದಿತ್ತು. ನೀರು ಕಿಂಡಿಯಿಂದ ಓಡಿಹೋಗಿತ್ತು. ಉಳಿದದ್ದು ಮೊರದಷ್ಟು ನೀರು. ಅದರೊಳಗೆ ಒಂಬತ್ತು ಮರಿ ಪಿತಪಿತ ಅಂತಿದ್ದವು.

ವಟರಕ್ಕ ಒಂದೇ ನೆಗೆತಕ್ಕೆ ಮೇಲೆ ಬಂದಳು. ಬದುವಿನ ಹತ್ತಿರ ಓಡಿದಳು.

"ಬದುವಣ್ಣ, ಬದುವಣ್ಣ! ನೀರು ಓಡಿಹೋಯ್ತು. ನನ್ನ ಮಕ್ಕಳು ಒಣಗ್ತಾರೆ. ನೀರು ತಡಿ!"

"ತಡೆಯಲ್ಲ," ಅಂತು ಬದು. "ಹೇಗೆ ತಡೀಲಿ? ಹೊಟ್ಟೆ ಒಡೆದಿದೆ. ಸಂಜೆಗೆ ಇನ್ನೊಂದು ಮಳೆ ಬರುತ್ತೆ. ಅಷ್ಟರೊಳಗೆ ಕಿಂಡಿ ಮುಚ್ಚದಿದ್ರೆ ನಿನ್ನ ಮಕ್ಕಳೂ ಕೊಚ್ಚಿಹೋಗ್ತಾರೆ. ಹೊಲ ಪುಟ್ಟೀರಮ್ಮಂದು. ಅವಳನ್ನ ಕೇಳು."

ಕುಪ್ಪಳಿಸಿದಳು, ಕುಪ್ಪಳಿಸಿದಳು. ಪುಟ್ಟ ಕಾಲು, ಉದ್ದ ದಾರಿ. ಪುಟ್ಟೀರಮ್ಮ ಹೊಲದ ಆ ತುದೀಲಿ ಕಳೆ ಕೀಳ್ತಿದ್ದಳು.

"ಪುಟ್ಟೀರಮ್ಮ, ಪುಟ್ಟೀರಮ್ಮ! ನೀರು ಓಡಿಹೋಯ್ತು. ಬದು ತಡೆಯಲ್ಲ. ನನ್ನ ಮಕ್ಕಳು ಒಣಗ್ತಾರೆ. ಕಿಂಡಿ ಮುಚ್ಚು!"

"ಮುಚ್ಚಲ್ಲ ಕಣೆ," ಅಂದಳು ಪುಟ್ಟೀರಮ್ಮ. "ನನ್ನ ಮಣ್ಣೂ ಕೊಚ್ಕೊಂಡು ಹೋಗ್ತೈತೆ, ನಂಗೇನು ಸಂಕಟ ಇಲ್ವಾ? ಇರೋದು ಒಂದು ಗುದ್ದಲಿ, ಎರಡು ಕೈ. ಕಿಂಡಿ ನೋಡಿದ್ರೆ ಎತ್ತಿನ ಗಾಡಿ ತೂರೋವಷ್ಟು! ಜೇಸಿಬಿ ಬಂದ್ರೆ ಆಯ್ತದೆ. ಅದನ್ನ ಕೇಳು."

ಎಷ್ಟು ದೊಡ್ಡ ಕಿಂಡಿ? ಕೈ ಚಾಚಿ ತೋರಿಸಿ. ಊಹೂಂ, ಇನ್ನೂ ದೊಡ್ಡದು.

ಕುಪ್ಪಳಿಸಿದಳು, ಕುಪ್ಪಳಿಸಿದಳು. ಪುಟ್ಟ ಕಾಲು, ಉದ್ದ ದಾರಿ. ಹಳದಿ ಜೇಸಿಬಿ ಆಲದ ಮರದ ಕೆಳಗೆ ನಿಂತಿತ್ತು. ಅದನ್ನ ಓಡಿಸೋ ದಸ್ತಗೀರಣ್ಣ ಟೀ ಕುಡೀತಿದ್ದ. ಅತ್ತ ಮರಿಗಳಿದ್ದ ಗುಂಡಿಯ ನೀರು ಆಗಲೇ ತಟ್ಟೆಯಷ್ಟಾಗಿತ್ತು.

"ದಸ್ತಗೀರಣ್ಣ, ದಸ್ತಗೀರಣ್ಣ! ನೀರು ಓಡಿಹೋಯ್ತು. ಬದು ತಡೆಯಲ್ಲ. ಪುಟ್ಟೀರಮ್ಮ ಮುಚ್ಚಲ್ಲ. ನನ್ನ ಮಕ್ಕಳು ಒಣಗ್ತಾರೆ. ಜೇಸಿಬಿ ತಗೊಂಡು ಬಾ!"

"ಬರಲ್ಲಮ್ಮಾ," ಅಂದ ದಸ್ತಗೀರಣ್ಣ. "ಬೆಳಿಗ್ಗೆಯಿಂದ ಕೆಲಸ ಇಲ್ದೆ ಸುಮ್ನೆ ಕೂತಿದ್ದೀನಿ. ಆದ್ರೆ ಬದು ಕಟ್ಟೋಕೆ ಆಫೀಸಿನ ಮೇಡಮ್ಮು ಚೀಟಿ ಬರೀಬೇಕು. ಅವರನ್ನ ಕೇಳು."

ಕುಪ್ಪಳಿಸಿದಳು, ಕುಪ್ಪಳಿಸಿದಳು. ಪುಟ್ಟ ಕಾಲು, ಉದ್ದ ದಾರಿ. ಮಣ್ಣು-ನೀರು ಕಾಯೋ ಆಫೀಸಿಗೆ ಬಂದಳು. ಮೇಡಮ್ಮೋರ ಮೇಜಿನ ಮೇಲೆ ಪಟ್ ಅಂತ ಹಾರಿ ಕೂತಳು. ಮೇಡಮ್ಮು ಕುರ್ಚಿ ಸಮೇತ ಹಿಂದಕ್ಕೆ ಸರಿದರು!

"ಮೇಡಮ್ಮೋರೆ, ಮೇಡಮ್ಮೋರೆ! ನೀರು ಓಡಿಹೋಯ್ತು. ಬದು ತಡೆಯಲ್ಲ. ಪುಟ್ಟೀರಮ್ಮ ಮುಚ್ಚಲ್ಲ. ಜೇಸಿಬಿ ಬರಲ್ಲ. ನನ್ನ ಮಕ್ಕಳು ಒಣಗ್ತಾರೆ. ಚೀಟಿ ಬರೀರಿ!"

"ಬರೆಯಲ್ಲಮ್ಮ," ಅಂದರು ಮೇಡಮ್ಮು. "ಬದು ಕಟ್ಟಿಸೋ ಯೋಜನೆ ಇದೆ. ಹೊಂಡ ತೆಗೆಸೋ ಯೋಜನೆ ಇದೆ. ಹೊಂಗೆ ಗಿಡ ಕೊಡೋ ಯೋಜನೆಯೂ ಇದೆ. ಯಾರೂ ಕೇಳೋದೇ ಇಲ್ಲ! ಹೊಲದವರ ಹೆಸರು ಅವರ ಫೋನಿಂದ ಬರಬೇಕು. ಪುಟ್ಟೀರಮ್ಮನ ಫೋನನ್ನೇ ಕೇಳು."

ಪುಟ್ಟೀರಮ್ಮನ ಫೋನೇ? ಅದು ಹೊಲದಲ್ಲೇ ಇತ್ತಲ್ಲ! ಬೇವಿನ ಕೊಂಬೆಗೆ ನೇತುಹಾಕಿದ ಬುತ್ತಿ ಚೀಲದಲ್ಲಿ ಇತ್ತಲ್ಲ! ಅಷ್ಟು ದೂರ ಬಂದದ್ದೂ ದಂಡ. ವಟರಕ್ಕನಿಗೆ ಸಿಟ್ಟು ಬಂತು. ಸಿಟ್ಟಲ್ಲೇ ತಿರುಗಿದಳು.

ಕುಪ್ಪಳಿಸಿದಳು, ಕುಪ್ಪಳಿಸಿದಳು. ಪುಟ್ಟ ಕಾಲು, ಉದ್ದ ದಾರಿ. ಬೇವಿನ ಮರ ಹತ್ತಿ ಚೀಲದೊಳಗೆ ದುಡುಮ್ ಅಂತ ಬಿದ್ದಳು.

"ಫೋನಪ್ಪ, ಫೋನಪ್ಪ! ನೀರು ಓಡಿಹೋಯ್ತು. ಬದು ತಡೆಯಲ್ಲ. ಪುಟ್ಟೀರಮ್ಮ ಮುಚ್ಚಲ್ಲ. ಜೇಸಿಬಿ ಬರಲ್ಲ. ಮೇಡಮ್ಮು ಚೀಟಿ ಬರೆಯಲ್ಲ. ನನ್ನ ಮಕ್ಕಳು ಒಣಗ್ತಾರೆ. ಹೆಸರು ಕಳಿಸು!"

"ಕಳಿಸಲ್ಲ," ಅಂತು ಫೋನು. "ಬದು ಕಟ್ಟೋರು ಯಾರು, ನಂಗೆ ಗೊತ್ತು. ಹೊಂಡ ತೆಗೆಯೋರು ಯಾರು, ನಂಗೆ ಗೊತ್ತು. ಗಿಡ ಕೊಡೋರು ಯಾರು, ನಂಗೆ ಗೊತ್ತು. ಈ ಸುತ್ತಮುತ್ತ ಇರೋರ ಹೆಸರೆಲ್ಲ ನನ್ನೊಳಗಿದೆ. ಪುಟ್ಟೀರಮ್ಮ ನನ್ನನ್ನ ಒಂದು ದಿನಾನೂ ಕೇಳಿಲ್ಲ. 'ಹಲೋ, ಊಟ ಆಯ್ತಾ' ಅಷ್ಟೇ! ಈಗ ಹೊಲದ ನಂಬರು ಹೇಳಿದ್ರೆ ಅವಳ ಹೆಸರು ಕಳಿಸ್ತೀನಿ. ನಂಬರು ಮೂಲೆ ಕಲ್ಲಿನ ಮೇಲಿದೆ. ಕಲ್ಲನ್ನ ಕೇಳು."

ಕುಪ್ಪಳಿಸಿದಳು, ಕುಪ್ಪಳಿಸಿದಳು. ಪುಟ್ಟ ಕಾಲು ಸೋತುಹೋಗಿತ್ತು. ಮೂಲೆ ಕಲ್ಲು ವಟರಕ್ಕನ ಗುಂಡಿಯ ಪಕ್ಕದಲ್ಲೇ ಇತ್ತು. ಗುಂಡಿ ನೋಡಿದಳು. ನೀರು ಅಂಗೈಯಷ್ಟೇ!

"ಕಲ್ಲಜ್ಜ, ಕಲ್ಲಜ್ಜ! ನೀರು ಓಡಿಹೋಯ್ತು. ಬದು ತಡೆಯಲ್ಲ. ಪುಟ್ಟೀರಮ್ಮ ಮುಚ್ಚಲ್ಲ. ಜೇಸಿಬಿ ಬರಲ್ಲ. ಮೇಡಮ್ಮು ಚೀಟಿ ಬರೆಯಲ್ಲ. ಫೋನು ಹೆಸರು ಕಳಿಸಲ್ಲ. ನನ್ನ ಮಕ್ಕಳು ಒಣಗ್ತಾರೆ. ನಂಬರು ಹೇಳು!"

"ಹೇಳಲ್ಲ," ಅಂತು ಕಲ್ಲು. "ಮುಖದ ತುಂಬ ಕೆಸರು ಮೆತ್ತಿ ಒಣಗಿದೆ. ಬಾಯಿ ಬಿಡೋಕಾಗಲ್ಲ. ಸಂಜೆ ಮಳೆ ಬರಲಿ, ತೊಳೆಯುತ್ತೆ, ಆಮೇಲೆ ಹೇಳ್ತೀನಿ."

"ಸಂಜೆಗೆ ತಡ ಆಗುತ್ತೆ ಅಜ್ಜ!"

"ಹಾಗಾದ್ರೆ ನೀರು ತಗೊಂಡು ಬಾ."

ನೀರು! ಎಲ್ಲಿದೆ ನೀರು? ಇರೋದು ಅಂಗೈಯಷ್ಟು. ಅದರೊಳಗೆ ಒಂಬತ್ತು ಮಕ್ಕಳು. ಪಾಪ, ವಟರಕ್ಕ ಅತ್ತುಬಿಟ್ಟಳು.

ಆಗ ಒಂಬತ್ತೂ ಮರಿ ಒಟ್ಟಿಗೆ ಬಾಲ ಅಲ್ಲಾಡಿಸಿದವು. "ಅಮ್ಮಾ, ತಗೋ. ನಾವು ಒತ್ತಿಕೊಂಡು ಕೂತ್ಕೋತೀವಿ."

ವಟರಕ್ಕ ಒಂದು ಬಾಯಿ ನೀರು ತಗೊಂಡಳು. ಕಲ್ಲಿನ ಮೇಲೆ ಉಫ್ ಅಂತ ಉಗಿದಳು. ಕೆಸರು ಜಾರಿತು. ಒಂದು ಅಂಕಿ ಕಾಣ್ತು. ನಾಲ್ಕು!

ಎರಡನೇ ಬಾಯಿ ನೀರು ತಗೊಂಡಳು. ಉಫ್! ಕೆಸರು ಜಾರಿತು. ಏಳು!

ಗುಂಡೀಲಿ ಇನ್ನು ಚಮಚದಷ್ಟು ನೀರು. ಮರಿಗಳ ಬೆನ್ನು ಹೊರಗೆ ಕಾಣ್ತಿತ್ತು. ವಟರಕ್ಕ ಕಣ್ಣು ಮುಚ್ಚಿದಳು. ಮೂರನೇ ಬಾಯಿ, ಸಣ್ಣ ಬಾಯಿ, ತುಂಬ ಸಣ್ಣ ಬಾಯಿ ನೀರು ತಗೊಂಡಳು. ಉಫ್! ಒಂದು!

"ನಾನೂರ ಎಪ್ಪತ್ತೊಂದು!" ಅಂತ ಕಲ್ಲು ಹೊಲವೆಲ್ಲ ಕೇಳೋ ಹಾಗೆ ಕೂಗಿತು.

ಈಗ ನೋಡಿ ಮಜಾ!

ಕಲ್ಲು ನಂಬರು ಹೇಳ್ತು. ಫೋನು ಟ್ರಿಣ್ ಟ್ರಿಣ್ ಅಂತು. "ಪುಟ್ಟೀರಮ್ಮ, ನಿನ್ನ ಹೆಸರು ಕಳಿಸ್ಲಾ?"

"ಕಳಿಸೋ ಮಾರಾಯ! ಇಷ್ಟು ದಿನ ಎಲ್ಲಿದ್ದೆ ನೀನು?"

"ನಿನ್ನ ಬುತ್ತಿ ಪಕ್ಕದಲ್ಲೇ!"

ಫೋನು ಹೆಸರು ಕಳಿಸ್ತು. ಮೇಡಮ್ಮು ಚೀಟಿ ಬರೆದರು. ದಸ್ತಗೀರಣ್ಣ ಟೀ ಲೋಟ ಕೆಳಗಿಟ್ಟ. ಜೇಸಿಬಿ ಗುರ್ರ್ ಅಂತ ಬಂತು. ಉದ್ದ ಕೈ ಚಾಚಿ ಮಣ್ಣು ತಂದು ತಂದು ಸುರೀತು. ಪುಟ್ಟೀರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕಲ್ಲು ಜೋಡಿಸಿ, ಹುಲ್ಲು ನೆಟ್ಟು, ಧಪ ಧಪ ತುಳಿದು ಕಿಂಡಿ ಮುಚ್ಚಿದಳು. ಬದುವಿನ ಹೊಟ್ಟೆ ಗಟ್ಟಿಯಾಯ್ತು.

ಸಂಜೆ ಆಯ್ತು. ಮಳೆ ಬಂತು. ಧೋ ಧೋ! ನೀರು ಹರಿದು ಹರಿದು ಬದುವಿನ ಹತ್ತಿರ ಬಂತು. ಕಿಂಡಿ ಹುಡುಕ್ತು. ಎಲ್ಲಿದೆ ಕಿಂಡಿ? ಇಲ್ಲ!

"ತಡೀತೀನಿ!" ಅಂತು ಬದು. ತಡೀತು!

ಓಡಿಹೋದ ನೀರು ಮತ್ತೆ ಬಂತು. ಚಮಚದಷ್ಟಿದ್ದದ್ದು ಅಂಗೈಯಷ್ಟಾಯ್ತು. ಅಂಗೈಯಷ್ಟಿದ್ದದ್ದು ತಟ್ಟೆಯಷ್ಟಾಯ್ತು. ತಟ್ಟೆಯಷ್ಟಿದ್ದದ್ದು ಮೊರದಷ್ಟಾಯ್ತು. ಮೊರದಷ್ಟಿದ್ದದ್ದು ಹಳೇ ನೀರಿನಷ್ಟೇ ಆಯ್ತು! ವಟರಕ್ಕ ಮುಳುಗಿ ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು, ಎಂಟು... ಎಂಟೇ? ಮತ್ತೆ ಎಣಿಸಿದಳು. ಒಂಬತ್ತನೆಯದು ಅವಳ ಬೆನ್ನ ಮೇಲೇ ಕೂತಿತ್ತು, ಕಳ್ಳ!

ಮಾರನೇ ಬೆಳಿಗ್ಗೆ ಪಕ್ಕದ ಹೊಲದ ಕೆಂಚಪ್ಪ ಬೇಲಿಯಿಂದ ಇಣುಕಿದ. "ಏನಕ್ಕ, ಬದು ಇಷ್ಟು ಬೇಗ ಹೆಂಗೆ ಆಯ್ತು? ಯಾರನ್ನ ಕೇಳಿದೆ?"

ಪುಟ್ಟೀರಮ್ಮ ಸೆರಗಲ್ಲಿ ಫೋನು ಒರೆಸಿದಳು. "ಬಾರಪ್ಪ, ಬಾ. ಬದು ಕಟ್ಟೋರು, ಹೊಂಡ ತೆಗೆಯೋರು, ಗಿಡ ಕೊಡೋರು ಎಲ್ಲ ಇದರೊಳಗವ್ರೆ. ಮೊದ್ಲು ನಿನ್ನ ಹೊಲದ ಮೂಲೆ ಕಲ್ಲು ತೊಳೆದು ಬಾ!"

ಕೆಂಚಪ್ಪ ಚೊಂಬು ತಗೊಂಡು ಓಡಿದ. ನಮ್ಮ ವಟರಕ್ಕ ತನ್ನ ಕಲ್ಲಿನ ಮೇಲೆ ಏರಿ ಕೂತಳು. ಗಂಟಲು ಉಬ್ಬಿಸಿದಳು. ಕೆಳಗೆ ನೀರಲ್ಲಿ ಒಂಬತ್ತು ಬಾಲ ಕುಣೀತಿದ್ದವು.

ಇಷ್ಟೊತ್ತು ಹೂಂ ಅಂದವರೆಲ್ಲ ಈಗ ಅವಳ ಜೊತೆ ಗಟ್ಟಿಯಾಗಿ ಹೇಳಿ ನೋಡೋಣ: ವಟರ್!