ಅಳಿಸಿದರೂ ಮೊಳಗಿದ ದೋಣಿ ಹಾಡು

“ಕೇಳಿರಪ್ಪೋ ಕೇಳಿರಿ! ಅರಿಭಯಂಕರ ಮಹಾರಾಜರ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದನ್ನು ಕೊಡಲಾಗುವುದು. ತಪ್ಪಿದವರ ತಲೆ ಹೋಗುವುದು!”

ಡಂಗುರ ಕೇಳಿ ಅಂಬಿಗರ ಹುಡುಗಿ ದ್ಯಾವಿ ಹುಟ್ಟು ಹಾಕುವುದನ್ನು ನಿಲ್ಲಿಸಿದಳು. ದೊರೆಯ ಸಂಚು ಅವಳಿಗೆ ಅರ್ಥವಾಗಿತ್ತು.

ಆ ರಾಜ್ಯದ ಹಾಡುಗಳೆಲ್ಲ ಅರಮನೆಯ ಲಿನಕ್ಸ್ ಗಣಕಯಂತ್ರದಲ್ಲಿದ್ದವು. ಒಮ್ಮೆ ನದಿ ದಾಟುವಾಗ ದೋಣಿ ಅಲುಗಿ ದೊರೆ ‘ಅಮ್ಮಾ!’ ಎಂದು ಚೀರಿದ್ದನ್ನು ದ್ಯಾವಿಯ ತಾಯಿ ಹಾಡು ಕಟ್ಟಿ ಹಾಡಿದ್ದಳು. ತಾಯಿ ತೀರಿಕೊಂಡ ಮೇಲೆ ಅವಳ ದನಿ ಉಳಿದಿದ್ದು ಅದೊಂದರಲ್ಲೇ. ಆ ಹಾಡನ್ನು ದೊರೆ ಕೈಯಾರೆ ಅಳಿಸಿದ್ದ. ಆದರೂ ಅದು ನದಿಯ ಕಡವಿನ ಸ್ಪೀಕರಿನಲ್ಲಿ ದಿನವೂ ಮೊಳಗುತ್ತಿತ್ತು! ಅದರ ಗುಟ್ಟು ತಿಳಿದು ಬೇರುಸಹಿತ ಕೀಳಬೇಕೆಂದೇ ಈ ಡಂಗುರ. ಬೇರೆ ಯಾರಾದರೂ ಗುಟ್ಟು ಬಿಟ್ಟುಕೊಟ್ಟರೆ ಹಾಡು ಹೋದಂತೆಯೇ. ಸ್ಪೀಕರ್ ನೋಡಿಕೊಳ್ಳುತ್ತಿದ್ದ ದ್ಯಾವಿ ತಾನೇ ಗೆಲ್ಲಲೆಂದು ಅರಮನೆಗೆ ಹೊರಟಳು.

“ಕೆಳಗಿನದನ್ನು ಯಾರೂ ಮುಟ್ಟಿಲ್ಲ, ನೋಡಿದವರಿಗೆ ಮಾತ್ರ ಬದಲಾಗಿ ಕಾಣುತ್ತದೆ. ಏನದು?” ತುಂಬಿದ ಸಭೆಯಲ್ಲಿ ದೊರೆ ಕೇಳಿದ.

ನೆರೆಯ ರಾಜಕುಮಾರ “ಮಂಜು” ಎಂದ. ತಲೆ ಹೋಗುವ ದಿನ ಕಾಯಲು ಸೆರೆಮನೆಗೆ ನಡೆದ.

“ಓವರ್‌ಲೇ, ದೊರೆ. ಹಳೇದರ ಮೇಲೆ ತೆಳು ಪದರ. ನೀವು ಬರೆಯೋದೆಲ್ಲ ಮೇಲಿನ ಪದರಕ್ಕೇ” ಎಂದಳು ದ್ಯಾವಿ.

“ಮನೆ ಒಂದೇ, ಬಾಗಿಲು ಎರಡು ಊರಿಗೆ. ನಕಲಲ್ಲ. ಏನದು?”

ಸೇನಾಪತಿಯ ಮಗ “ಕನ್ನಡಿ” ಎಂದು ಬೀಗಿದ. ಅವನೂ ಒಳಗೆ ಹೋದ.

“ಬೈಂಡ್ ಮೌಂಟ್. ಒಂದು ಫೋಲ್ಡರನ್ನೇ ಎರಡು ಕಡೆ ತೋರಿಸೋದು.”

ದೊರೆ ಮುಂದಕ್ಕೆ ಬಾಗಿದ. “ನಾನು ಅಳಿಸಿದ ಹಾಡು ಅರಮನೆಯಲ್ಲಿ ಕಾಣದು, ಕಡವಿನಲ್ಲಿ ಕೇಳುತ್ತದೆ. ಹೇಗೆ?”

“ಆ ಪದರ, ಈ ಬಾಗಿಲು ಎರಡೂ ಸೇರಿದ್ದರಿಂದ. ನೀವು ಅಳಿಸಿದ್ದು ಹಾಡನ್ನಲ್ಲ. ಮೇಲಿನ ಪದರದಲ್ಲಿ ‘ಇದು ಇಲ್ಲ’ ಅಂತ ಒಂದು ಬಿಳಿ ಗುರುತು ಬಿತ್ತು, ಅಷ್ಟೆ. ಕೆಳಗಿನ ಮೂಲ ಹಾಗೇ ಇದೆ. ಕಡವಿನ ಬಾಗಿಲು ನೇರ ಆ ಮೂಲಕ್ಕೇ ತೆರೀತದೆ.”

ದೊರೆ ಧಿಗ್ಗನೆದ್ದ. “ಹಾಗಾದರೆ ಮೂಲವನ್ನೇ ಅಳಿಸಿ!”

“ನಿಲ್ಲಿ! ನಾನು ಕೇಳೋದು ಇನ್ನೂ ಬಾಕಿ ಇದೆ” ಎಂದು ದ್ಯಾವಿ ಯಂತ್ರಕ್ಕೆ ಅಡ್ಡ ನಿಂತಳು. “ಸೆರೆಯಲ್ಲಿರೋರನ್ನ ಬಿಡಿ. ಮೂಲವನ್ನ ಯಾರೂ, ನೀವೂ ಮುಟ್ಟದ ಹಾಗೆ ಬೀಗ ಹಾಕಿ. ಆ ಬಿಳಿ ಗುರುತು ಇದೆಯಲ್ಲ, ಅದನ್ನ ನಿಮ್ಮ ಕೈಯಾರೆ ತೆಗೀರಿ.”

“ಇಲ್ಲವೆಂದರೆ?”

“ತಲೆ ತೆಗೀರಿ. ನಿಮ್ಮ ಡಂಗುರ ಸುಳ್ಳು ಅಂತ ನಾಳೆ ಹೊಸ ಹಾಡು ಹುಟ್ಟತದೆ. ಅದು ಯಾವ ಯಂತ್ರದಲ್ಲೂ ಇರಲ್ಲ, ಎಲ್ಲಿ ಅಳಿಸ್ತೀರಿ?”

ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ದೊರೆ ಹಲ್ಲು ಕಡಿಯುತ್ತ ಬೀಗ ಹಾಕಿಸಿದ, ಬಂದಿಗಳನ್ನು ಬಿಡಿಸಿದ, ತನ್ನ ಕೈಯಾರೆ ಗುರುತು ತೆಗೆದ. ಮರುಕ್ಷಣವೇ ಅರಮನೆಯ ತುಂಬ ‘ಅಮ್ಮಾ!’ ಎಂದು ತಾಯಿಯ ದನಿ ಮೊಳಗಿತು. ಸಭೆಯೆಲ್ಲ ನಗುತ್ತಿದ್ದರೆ ದ್ಯಾವಿ ಬಿಕ್ಕಿ ಬಿಕ್ಕಿ ಅತ್ತಳು.

ದೊರೆ ಅತ್ತ ಅರಮನೆಯಲ್ಲಿ ಉಳಿದ, ದ್ಯಾವಿ ಇತ್ತ ಕಡವಿಗೆ ಬಂದಳು, ಹಾಡು ಎರಡೂ ಕಡೆ ಇದೆ.